ಎರೆಹುಳ ಬಿಟ್ಟರೆ ಮಣ್ಣಿನ ಕ್ಯಾಡ್ಮಿಯಂ ಹೋಗುತ್ತಾ?

ಪ್ರಶ್ನೆ (ರೈತ, ಬಿಡದಿ ಕಡೆ): ನಮಸ್ಕಾರ ಮೇಡಂ. ನಮ್ಮ ಜಮೀನು ಬೈರಮಂಗಲ ಕೆರೆ ಅಚ್ಚುಕಟ್ಟಿನಲ್ಲಿದೆ. ಬೆಂಗಳೂರಿನ ಕೊಳಚೆ ಹೊತ್ತು ಬರೋ ವೃಷಭಾವತಿ ನದಿ ನೀರು ಬಿಟ್ರೆ ಬೇರೆ ಗತಿ ಇಲ್ಲ. ದಂಟು, ಪಾಲಕ್ ಹಾಕ್ತೀವಿ. ಎರೆಹುಳ ಬಿಟ್ರೆ ಭಾರಲೋಹ ಎಲ್ಲಾ ತಿಂದು ಮಣ್ಣು ಶುದ್ಧ ಆಗುತ್ತೆ ಅಂತ ಹುಳ ಮಾರೋರು ಹೇಳ್ತಿದಾರೆ. ನಂಬಬಹುದಾ?

ಉತ್ತರ (ಮಣ್ಣು ವಿಜ್ಞಾನಿ): ನಂಬಬೇಡಿ. ಹುಳದ ಮೈಗೆ ಕ್ಯಾಡ್ಮಿಯಂ ಅನ್ನೋ ವಿಷಕಾರಿ ಭಾರಲೋಹ ಸೇರುವುದು ನಿಜ, ಎಷ್ಟೋ ಸಲ ಸುತ್ತಲ ಮಣ್ಣಿಗಿಂತ ಅದರ ಮೈಯಲ್ಲೇ ಜಾಸ್ತಿ ಇರುತ್ತೆ. ಮೆಟಲೋಥಯೋನಿನ್ ಅನ್ನೋ ಪ್ರೋಟೀನು ಕ್ಯಾಡ್ಮಿಯಂ ಅನ್ನು ಕಟ್ಟಿಹಾಕೋದರಿಂದ ಹುಳ ಬದುಕಿಕೊಳ್ಳುತ್ತೆ. ಆದರೆ ಲೆಕ್ಕ ನೋಡಿ: ಒಂದು ಎಕರೆಯ ಮೇಲಿನ 15 ಸೆಂ.ಮೀ. ಮಣ್ಣೇ ಸುಮಾರು 900 ಟನ್ ತೂಗುತ್ತೆ. ಅಲ್ಲಿರೋ ಹುಳ ಅಷ್ಟನ್ನೂ ಹೆಕ್ಕಿ ತೂಗಿದರೂ ಒಂದು ಟನ್ ಆಗೋದು ಕಷ್ಟ. ಹುಳ ಸತ್ತರೆ ಕ್ಯಾಡ್ಮಿಯಂ ಮತ್ತೆ ಅದೇ ಮಣ್ಣಿಗೆ, ಕೊಕ್ಕರೆ ಹೆಕ್ಕಿ ತಿಂದರೆ ಅದರ ಹೊಟ್ಟೆಗೆ.

ಇನ್ನೊಂದು ವಿಷಯ ಮಾರೋರು ಹೇಳಲ್ಲ. ಮಣ್ಣಿನ ಸಾವಯವ ಅಂಶಕ್ಕೆ, ಜೇಡಿಗೆ ಅಂಟಿಕೊಂಡಿರೋ ಲೋಹ ಬೇರಿಗೆ ಸುಲಭವಾಗಿ ಸಿಗಲ್ಲ. ಹುಳ ಆ ಮಣ್ಣನ್ನು ನುಂಗಿ ಹಿಕ್ಕೆ ಹಾಕುವಾಗ ಸಾವಯವ ಅಂಶ ಒಡೆಯುತ್ತೆ, ಪಿಎಚ್ (ಮಣ್ಣಿನ ಹುಳಿ-ಕ್ಷಾರದ ಅಳತೆ) ಬದಲಾಗುತ್ತೆ, ಸೂಕ್ಷ್ಮಜೀವಿಗಳೂ ಬದಲಾಗ್ತವೆ. ಲೋಹದ ಒಂದು ಪಾಲು ಮಣ್ಣಿನೊಳಗಿನ ನೀರಿಗೆ ಬಿಡುತ್ತೆ. ಹಾಗಾಗಿ ಹುಳ ಇರೋ ಕುಂಡದ ಗಿಡವೇ ಹೆಚ್ಚು ಲೋಹ ಹೀರಿದ ಪ್ರಯೋಗಗಳು ಬಹಳ ಇವೆ. ಮಣ್ಣು, ಹುಳದ ಜಾತಿ, ಲೋಹ ಬದಲಾದರೆ ಫಲಿತಾಂಶ ತಿರುಗಾಮುರುಗಾ ಆಗೋದೂ ಉಂಟು.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಹಾಗಾದ್ರೆ ಹುಳ ಸಾಯಿಸಬೇಕಾ ಮೇಡಂ?

ಉತ್ತರ: ಅಯ್ಯೋ, ಬೇಡಪ್ಪ! ಹುಳ ಇದ್ದರೆ ಬೆಳೆಯೂ ಚೆನ್ನಾಗಿ ಬರುತ್ತೆ. ಸಮಸ್ಯೆ ಇರೋದು ಸೊಪ್ಪಿನಲ್ಲಿ. ಪಾಲಕ್ ಕ್ಯಾಡ್ಮಿಯಂ ಅನ್ನು ಎಲೆಗೇ ತುಂಬಿಕೊಳ್ಳುತ್ತೆ. ಸೀಸ ಬೇರು ದಾಟಿ ಮೇಲೆ ಬರೋದು ಕಡಿಮೆ, ಎಲೆ ಮೇಲಿನ ಸೀಸ ಬಹಳಷ್ಟು ಧೂಳು, ಮಣ್ಣಿಂದ ಬಂದಿರುತ್ತೆ. ತೊಳೆದರೆ ಅದು ಸ್ವಲ್ಪ ಹೋಗುತ್ತೆ, ಒಳಗಿರೋ ಕ್ಯಾಡ್ಮಿಯಂ ಹೋಗಲ್ಲ. ನನ್ನ ಮಾತು ಕೇಳೋದಾದ್ರೆ ಆ ಜಮೀನಿಗೆ ಸೊಪ್ಪು ಬಿಟ್ಟು ಚೆಂಡುಹೂವಿನಂಥ ತಿನ್ನದ ಬೆಳೆ ಹಾಕಿ. ಪಿಎಚ್ 6ಕ್ಕಿಂತ ಕೆಳಗಿದ್ರೆ ಸುಣ್ಣ ಹಾಕಿ, ಕ್ಯಾಡ್ಮಿಯಂ ಓಡಾಟ ತಗ್ಗುತ್ತೆ. 7 ದಾಟಿದ್ರೆ ಸುಣ್ಣದ ದುಡ್ಡು ದಂಡ.

ಪ್ರಶ್ನೆ (ಮೊದಲಿನ ರೈತ): ಮಣ್ಣು ಆರೋಗ್ಯ ಕಾರ್ಡ್ ಇದೆ ಮೇಡಂ, ಅದರಲ್ಲಿ ಎಲ್ಲಾ ಸರಿ ಅಂತ ಬಂದಿದೆ.

ಉತ್ತರ: ಅದರಲ್ಲಿ ಪಿಎಚ್, ಸಾವಯವ ಇಂಗಾಲ, ಸಾರಜನಕ, ಸತು, ಕಬ್ಬಿಣ, ಬೋರಾನ್ ಥರದ 12 ಅಂಶ ಮಾತ್ರ ನೋಡ್ತಾರೆ. ಕ್ಯಾಡ್ಮಿಯಂ, ಸೀಸ, ಕ್ರೋಮಿಯಂ ಇಲ್ಲ. ಭಾರಲೋಹ ಪರೀಕ್ಷೆ ಅಂತಲೇ ಹೇಳಿ ಬೇರೆ ಮಾಡಿಸಿ. ಒಟ್ಟು ಪ್ರಮಾಣದ ಜೊತೆ ಡಿಟಿಪಿಎ ಅನ್ನೋ ರಾಸಾಯನಿಕದಿಂದ ಬಿಡಿಸಿದ ಲೋಹದ ಪ್ರಮಾಣವನ್ನೂ ಕೇಳಿ, ಬೇರಿಗೆ ಎಷ್ಟು ಸಿಗಬಹುದು ಅನ್ನೋ ಅಂದಾಜು ಅದರಿಂದಲೇ ಬರೋದು. ಕಾಲುವೆ ನೀರು ಮೊದಲು ಬೀಳೋ ತಲೆಗಡೆಯ ಮಣ್ಣನ್ನು ಬೇರೆ ಚೀಲಕ್ಕೆ ಹಾಕಿ, ಹೊಲದ ಉಳಿದ ಮಣ್ಣಿನ ಜೊತೆ ಬೆರೆಸಬೇಡಿ.