ಅಪ್‌ಡೇಟ್: ಎಲ್ಲದಕ್ಕೂ ‘ಒಲ್ಲೆ’ ಅನ್ನುವ ನನ್ನ ಮಗ

ಎರಡೂವರೆ ವರ್ಷದ ಮಗ ಎಲ್ಲದಕ್ಕೂ ‘ಒಲ್ಲೆ’ ಅಂತಾನೆ, ಏನು ಮಾಡಲಿ ಅಂತ ಹೋದ ತಿಂಗಳು ಕೇಳಿದ್ದೆ. ಎರಡು ಆಯ್ಕೆ ಕೊಟ್ಟು ನೋಡಿ ಅಂದಿದ್ದಿರಿ, ಅಲ್ವಾ? ಕೊಟ್ಟೆ.

ಕೆಂಪು ಅಂಗಿನಾ, ಹಳದಿ ಅಂಗಿನಾ? ‘ಅಪ್ಪಂದು!’ ಆ ದಿನ ಕೊಪ್ಪಳದ ಗವಿಮಠಕ್ಕೆ ನೆಲ ಗುಡಿಸುವಷ್ಟು ಉದ್ದದ ಅಂಗಿಯಲ್ಲೇ ಬಂದ. ಮೆಟ್ಟಿಲು ಹತ್ತುವಾಗ ನಾನು ಹಿಂದೆ ಅಂಗಿಯ ತುದಿ ಎತ್ತಿ ಹಿಡಿದು ನಡೆದೆ, ಥೇಟ್ ರಾಜನ ಸೇವಕಿ.

ಊಟಕ್ಕೆ ಬೇರೆ ಉಪಾಯ ಸಿಕ್ಕಿತು. ಕಿನ್ನಾಳದ ಮರದ ಗೊಂಬೆ ಗಿಣಿಗೆ ಒಂದು ತುತ್ತು, ಅವನಿಗೆ ಒಂದು. ಜೋಳದ ರೊಟ್ಟಿ ಖಾಲಿ! ಗಿಣಿಯ ಕೊಕ್ಕಿಗೆ ಶೇಂಗಾ ಚಟ್ನಿ ಮೆತ್ತಿದೆ. ಒರೆಸಿದರೆ ಅಳು.

ಈಗ ಆಯ್ಕೆ ಕೊಡೋದು ಅವನೇ. ನಿನ್ನೆ ಅಜ್ಜಿಯನ್ನು ಕೇಳಿದ: ‘ಬೆಲ್ಲ ಈಗ ಕೊಡ್ತೀಯೋ, ಈಗ್ಲೇ ಕೊಡ್ತೀಯೋ?’ ಅಜ್ಜಿ ಡಬ್ಬಿಯನ್ನೇ ಕೊಟ್ಟುಬಿಟ್ಟರು.