ಸಹಾಯ ಬೇಕು: ಜಿಬಿಎಸ್ ಆದ ಮೇಲೆ ಒಬ್ಬಳೇ ಓಡಾಡೋದು ಹೇಗೆ?

ಎಲ್ಲರಿಗೂ ನಮಸ್ಕಾರ. 5 ತಿಂಗಳ ಹಿಂದೆ ನನಗೆ ಗಿಲ್ಲನ್ ಬಾರೆ ಸಿಂಡ್ರೋಮ್ ಬಂತು. ದೇಹದ ರೋಗನಿರೋಧಕ ಶಕ್ತಿಯೇ ನರಗಳ ಮೇಲೆ ತಿರುಗಿ ಬೀಳುವ ಕಾಯಿಲೆ ಇದು. ಮೊದಲು ಪಾದ ಜುಮ್ ಅಂತಿತ್ತು, ನಾಲ್ಕೇ ದಿನದಲ್ಲಿ ಎದ್ದು ನಿಲ್ಲೋಕೂ ಆಗಲಿಲ್ಲ. 11 ದಿನ ವೆಂಟಿಲೇಟರ್‌ನಲ್ಲಿದ್ದೆ. ಮಾತಾಡೋಕೆ ಆಗದಿದ್ದಾಗ ನಮ್ಮ ಮನೆಯವರು ಪಕ್ಕದಲ್ಲಿ ಕೂತು ಒಂದೊಂದೇ ಅಕ್ಷರ ಹೇಳುತ್ತಾ ಹೋಗುತ್ತಿದ್ದರು, ಬೇಕಾದ ಅಕ್ಷರ ಬಂದಾಗ ನಾನು ಕಣ್ಣು ಮುಚ್ಚುತ್ತಿದ್ದೆ. ಹಾಗೆ ನಾನು ಹೇಳಿದ ಮೊದಲ ಮಾತು ‘ಮಲಗಿ’.

ಅವರು ಇವತ್ತಿಗೂ ಸರಿಯಾಗಿ ಮಲಗಿಲ್ಲ. ನಾನು ಸ್ವಲ್ಪ ಹೊರಳಿದರೂ ಎದ್ದು ಕೂರುತ್ತಾರೆ, ಬೆಳಿಗ್ಗೆ ಕೆಲಸಕ್ಕೂ ಹೋಗಬೇಕು ಅಲ್ವಾ, ಮುಖ ನೋಡಿದರೆ ಸಂಕಟ ಆಗುತ್ತದೆ.

ಈಗ ವಾಕರ್ ಹಿಡಿದು ನಡೆಯುತ್ತೇನೆ. ಬಲಪಾದ ಮಾತ್ರ ಮೇಲೇಳುವುದಿಲ್ಲ, ಬೆರಳು ನೆಲಕ್ಕೆ ತಾಗಿ ಎಡವುತ್ತೇನೆ. ನರ ದಿನಕ್ಕೆ ಸುಮಾರು 1 ಮಿಲಿಮೀಟರ್ ಅಷ್ಟೇ ಬೆಳೆಯುತ್ತದಂತೆ, ಅದಕ್ಕೆ ಕಾಯೋಕೆ ನಾನು ಸಿದ್ಧ.

ಪಾದ ಎತ್ತಿ ಹಿಡಿಯುವ ಎಎಫ್‌ಒ ಪಟ್ಟಿ ಹಾಕಿಕೊಂಡವರು ಇಲ್ಲಿ ಯಾರಾದ್ರೂ ಇದ್ದೀರಾ? ಇಡೀ ದಿನ ಹಾಕಿದರೆ ಚರ್ಮ ಉಜ್ಜುತ್ತಾ? ಮುಖ್ಯವಾಗಿ, ರಾತ್ರಿ ಅವರನ್ನು ಎಬ್ಬಿಸದೆ ಬಾತ್‌ರೂಮಿಗೆ ಹೋಗಿ ಬರೋಕೆ ನೀವು ಏನು ವ್ಯವಸ್ಥೆ ಮಾಡಿಕೊಂಡಿರಿ? ಫಿಸಿಯೋಥೆರಪಿಸ್ಟ್ ಹತ್ತಿರಾನೂ ಕೇಳುತ್ತೇನೆ, ಆದರೂ ಅನುಭವಿಸಿದವರು ಹೇಳಿದರೆ ಧೈರ್ಯ ಜಾಸ್ತಿ. ದಯವಿಟ್ಟು ಬರೆಯಿರಿ.