ಪಾಠದ ನಡುವೆ ನಗು ತಡೆಯೋದು ಹೇಗೆ?

ಪ್ರಶ್ನೆ: ಸರ್ಕಾರಿ ಶಾಲೆಗೆ ಸೇರಿ ಮೂರು ತಿಂಗಳಾಯಿತು. ನಾಲ್ಕನೇ ಕ್ಲಾಸು ನನ್ನದು. ನಿನ್ನೆ ಒಬ್ಬ ರಜಾ ಅರ್ಜಿ ತಂದುಕೊಟ್ಟ. ‘ನಾಳೆ ಮತ್ತು ನಾಡಿದ್ದು ನನ್ನ ಮಗನಿಗೆ ಜ್ವರ ಬರುವುದರಿಂದ’ ಅಂತ ಶುರು. ಕೊನೆಯಲ್ಲಿ ‘ಇಂತಿ ತಮ್ಮ ವಿಧೇಯ ಅಪ್ಪ’. ಅಕ್ಷರ ಅವನದೇ. ನಾಳೆಯಿಂದ ಊರಲ್ಲಿ ಜಾತ್ರೆ! ಗದರಬೇಕಿತ್ತು, ನಗು ಬಂದುಬಿಟ್ಟಿತು. ಮೇಡಂ ನಕ್ಕರು ಅಂತ ಗೊತ್ತಾದರೆ ಆ ದಿನ ಕ್ಲಾಸು ಕೈಗೆ ಸಿಗುವುದಿಲ್ಲ. ಹಳಬರು ಏನು ಮಾಡುತ್ತೀರಿ, ಹೇಳಿ.

ಹಾಸನ ಕಡೆಯ ಗಣಿತದ ಮೇಷ್ಟ್ರು:
ನಗುವುದಕ್ಕೆ ಮುಂಚೆ ಒಂದು ಸಲ ಪ್ರಶ್ನೆಯನ್ನು ನೋಡಿಕೊಳ್ಳಿ. ನಾನು ಒಮ್ಮೆ ಲೆಕ್ಕ ಕೊಟ್ಟೆ. ಒಂದು ಲೀಟರ್ ಹಾಲಿಗೆ 35 ರೂಪಾಯಿ, 6 ಲೀಟರಿಗೆ ಎಷ್ಟು? ಎಲ್ಲರೂ ಬರೆಯುತ್ತಿದ್ದಾರೆ, ಒಬ್ಬಳು ಮಾತ್ರ ಪೆನ್ಸಿಲ್ ಕಚ್ಚಿಕೊಂಡು ಕೂತಿದ್ದಾಳೆ. ಯಾಕಮ್ಮ ಅಂದೆ. “ಫ್ಯಾಟ್ ಎಷ್ಟು ಬಂತು ಅಂತ ಹೇಳಲೇ ಇಲ್ವಲ್ಲ ಸಾರ್?” ದಿನಾ ಬೆಳಗ್ಗೆ ಡೇರಿಗೆ ಹಾಲು ಹಾಕಿ ಸ್ಕೂಲಿಗೆ ಬರುವ ಹುಡುಗಿ. ಅಲ್ಲಿ ಫ್ಯಾಟ್ ನೋಡದೆ ಯಾರು ದುಡ್ಡು ಕೊಡುತ್ತಾರೆ? ನಕ್ಕೆ, ಸುಳ್ಳು ಹೇಳಲ್ಲ. ಆದರೆ ಅರ್ಧಂಬರ್ಧ ಲೆಕ್ಕ ಕೊಟ್ಟವನು ನಾನೇ ಅಲ್ವಾ? ಈಗ ‘ಅಂಗಡಿಯ ಪ್ಯಾಕೆಟ್ ಹಾಲು’ ಅಂತಲೇ ಬರೆಸುತ್ತೇನೆ.

ನಲಿ-ಕಲಿ ಟೀಚರ್:
ನಮ್ಮಲ್ಲಿ ಒಂದರಿಂದ ಮೂರನೇ ಕ್ಲಾಸಿನವರು ಒಟ್ಟಿಗೆ ಕಲಿಯುತ್ತಾರೆ. ಮಕ್ಕಳು ಕೂರುವ ಗುಂಪಿಗೆ ‘ತಟ್ಟೆ’ ಅನ್ನುತ್ತೇವೆ. ಹೊಸದಾಗಿ ಸೇರಿದ ಮಗುವಿಗೆ “ಎರಡನೇ ತಟ್ಟೆಗೆ ಹೋಗು ಪುಟ್ಟ” ಅಂದೆ. ಹತ್ತು ನಿಮಿಷ ಕಳೆದರೂ ಆಸಾಮಿ ಪತ್ತೆ ಇಲ್ಲ. ಹುಡುಕಿದರೆ ಅಡುಗೆ ಕೋಣೆಯ ಬಾಗಿಲಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದಾನೆ. ಮುಂದೆ ಎರಡು ಸ್ಟೀಲ್ ತಟ್ಟೆ. ಮೊದಲನೇದು ಯಾರಿಗೋ ಅಂತ ಪಕ್ಕಕ್ಕೆ ಸರಿಸಿದ್ದ.
ನಗು ಬಂದಾಗ ಬೋರ್ಡಿನ ಕಡೆ ತಿರುಗಿ ನಿಧಾನವಾಗಿ ತಾರೀಖು ಬರೆಯಿರಿ. ನನ್ನ ಹಳೇ ಉಪಾಯ.

ಧಾರವಾಡದಿಂದ ಮಂಡ್ಯ ಕಡೆಗೆ ಹೋದ ಟೀಚರ್:
ನನ್ನ ಕಷ್ಟ ಉಲ್ಟಾ, ಮಕ್ಕಳೇ ನನ್ನ ನೋಡಿ ನಕ್ಕರು. ಮೊದಲ ದಿನ ಒಳಗೆ ಹೋಗಿ “ಎಲ್ಲಾರೂ ಸುಮ್ನ ಕುಂಡ್ರಿ” ಅಂದೆ. ನಮ್ಮ ಕಡೆ ಕೂತುಕೊಳ್ಳಿ ಅನ್ನುವುದಕ್ಕೆ ಅದೇ ಮಾತು. ಕ್ಲಾಸಿಗೆ ಕ್ಲಾಸೇ ಬೆಂಚಿನ ಕೆಳಗೆ. ಒಬ್ಬ ಹುಡುಗ ಸ್ಲೇಟಿನ ಹಿಂದೆ ಮುಖ ಮುಚ್ಚಿಕೊಂಡ, ಕಿವಿ ಮಾತ್ರ ಕೆಂಪಗೆ ಕಾಣುತ್ತಿತ್ತು. ಅವರಿಗೆ ಅದು ಮೈಯ ಯಾವ ಭಾಗವಾಗಿ ಕೇಳಿಸಿತು ಅಂತ ಮಧ್ಯಾಹ್ನ ಬಿಸಿಯೂಟದ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಬಿಡಿಸಿ ಹೇಳಿದರು.
ನಾನೂ ಸೇಡು ತೀರಿಸಿಕೊಂಡೆ ಅನ್ನಿ. ಅವರ ಬಾಯಲ್ಲಿ ಹಾಲು ‘ಆಲು’, ಹೂವು ‘ಊವು’. ಒಂದು ವಾರ ಹಕಾರ ತಿದ್ದಿ ತಿದ್ದಿ ಗಂಟಲು ಒಣಗಿತು. ಆಮೇಲೆ ಉಕ್ತಲೇಖನ. ನಾನು ಹೇಳಿದ್ದು, ‘ಅಮ್ಮ ಅಕ್ಕಿ ತೊಳೆದು ಅನ್ನ ಮಾಡಿದಳು’. ಒಬ್ಬಳು ಬರೆದದ್ದು, ‘ಹಮ್ಮ ಹಕ್ಕಿ ತೊಳೆದು ಹನ್ನ ಮಾಡಿದಳು’. ಪಾಪ, ಒಂದು ಹಕಾರವನ್ನೂ ಬಿಟ್ಟಿರಲಿಲ್ಲ. ಆ ಹಕ್ಕಿಯನ್ನು ನೆನೆದು ನಾನು ತಾರೀಖು ಬರೆಯೋದಲ್ಲ, ಹೊರಗೇ ಓಡಿದೆ.
ಆರು ತಿಂಗಳ ಮೇಲೆ ಇನ್‌ಸ್ಪೆಕ್ಷನ್ನಿಗೆ ಸಾಹೇಬರು ಬಂದರು. ಅದೇ ಸ್ಲೇಟಿನ ಹುಡುಗ ಓಡಿಹೋಗಿ ಕುರ್ಚಿ ಎಳೆದು, ಕೈಕಟ್ಟಿ ನಿಂತು, ತುಂಬಾ ಮರ್ಯಾದೆಯಿಂದ ಹೇಳಿದ: “ಕುಂಡ್ರಿ ಸಾ.”

ಸಮಾಜ ವಿಜ್ಞಾನದ ಮೇಷ್ಟ್ರು:
ನನ್ನದು ಅಷ್ಟು ಸಿಹಿ ಅಲ್ಲ. 1930ರ ದಂಡಿ ಯಾತ್ರೆಯ ಪಾಠ, ಒಬ್ಬನಿಗೆ ಗಟ್ಟಿಯಾಗಿ ಓದಲು ಹೇಳಿದೆ. ‘ಉಪ್ಪಿನ ಸತ್ಯಾಗ್ರಹ’ ಅನ್ನುವ ಬದಲು ‘ಉಪ್ಪಿನಕಾಯಿ ಸತ್ಯಾಗ್ರಹ’ ಅಂದ. ಊಟದ ಹೊತ್ತು ಹತ್ತಿರ ಬಂದಿತ್ತು, ತಪ್ಪೇನಿಲ್ಲ. ಮೊದಲು ನಕ್ಕವನು ನಾನು. ನಾನು ನಕ್ಕಿದ್ದಕ್ಕೆ ಕ್ಲಾಸಿಗೆ ಲೈಸೆನ್ಸ್ ಸಿಕ್ಕಿತು. ಸಂಜೆಯೊಳಗೆ ಅವನ ಹೆಸರೇ ಉಪ್ಪಿನಕಾಯಿ ಆಯಿತು. ಆ ವರ್ಷ ಪೂರ್ತಿ ಅವನು ಎದ್ದು ಓದಲಿಲ್ಲ. ನಂತರ ನನ್ನ ತಪ್ಪುಗಳನ್ನೇ ಹೇಳಿ ಎಲ್ಲರನ್ನೂ ನಗಿಸುವುದು ರೂಢಿ ಮಾಡಿಕೊಂಡೆ. ಬೋರ್ಡಿನ ಮೇಲೆ ನನ್ನ ಒತ್ತಕ್ಷರ ತಪ್ಪಿದರೆ ಹುಡುಕಿದವನಿಗೆ ಒಂದು ಚಾಕ್‌ಪೀಸ್. ಜಾಸ್ತಿ ಗೆದ್ದವನು ಉಪ್ಪಿನಕಾಯಿಯೇ. ಹೆಸರು ಮಾತ್ರ ಹೋಗಲಿಲ್ಲ.

ಪ್ರಶ್ನೆ ಕೇಳಿದವಳು:
ಎಲ್ಲರಿಗೂ ಥ್ಯಾಂಕ್ಸ್. ಜ್ವರದವನು ಇವತ್ತು ಜಾತ್ರೆಯ ಬೆಂಡು-ಬತ್ತಾಸು ತಂದುಕೊಟ್ಟ. “ಅಪ್ಪ ಕೊಟ್ರು ಮಿಸ್” ಅಂದ. ಯಾವ ಅಪ್ಪ, ಆ ವಿಧೇಯ ಅಪ್ಪನಾ ಅಂತ ನಾಲಿಗೆ ತುದಿಗೆ ಬಂದಿತ್ತು. ತಟ್ಟನೆ ಬೋರ್ಡಿಗೆ ತಿರುಗಿ ತಾರೀಖು ಬರೆಯಲು ಶುರು ಮಾಡಿದೆ. ಹಿಂದಿನ ಬೆಂಚಿನಿಂದ ಒಂದು ದನಿ: “ಲೇ, ಮಿಸ್ ನಗ್ತಾ ಇದಾರೆ ಕಣ್ರೋ. ಭುಜ ನೋಡ್ರೋ!”